ಹೊರೆ ಇಳಿಸುವ ಕಲ್ಲು

ಹಿಂದಿನ ಕಾಲದ ದಾರಿಗಳಲ್ಲಿ, ಒಂದು ಊರಿಗೂ ಇನ್ನೊಂದು ಊರಿಗೂ ನಡುವೆ, ಒಂದು ಬಗೆಯ ಕಲ್ಲಿನ ಕಟ್ಟಣೆ ಇರುತ್ತಿತ್ತು. ಎರಡು ಕಲ್ಲುಗಳನ್ನು ನೆಟ್ಟಗೆ ನಿಲ್ಲಿಸಿ, ಅವುಗಳ ಮೇಲೆ ಇನ್ನೊಂದನ್ನು ಅಡ್ಡಲಾಗಿ ಇಟ್ಟಿರುತ್ತಿದ್ದರು. ಎತ್ತರ ಆಳಿನ ಭುಜದ ಮಟ್ಟ. ತಲೆಯ ಮೇಲೆ ರಾಗಿಮೂಟೆಯನ್ನೋ ಸೌದೆಯ ಹೊರೆಯನ್ನೋ ಹೊತ್ತು ಬರುವವನು ಇನ್ನೊಬ್ಬರ ಕೈಯ ನೆರವಿಲ್ಲದೆ ಹೊರೆಯನ್ನು ಆ ಅಡ್ಡಗಲ್ಲಿನ ಮೇಲೆ ಜಾರಿಸಿ, ಕತ್ತನ್ನು ಸ್ವಲ್ಪ ಆಡಿಸಿ, ಬೆವರೊರೆಸಿಕೊಂಡು, ಮತ್ತೆ ತಲೆಕೊಟ್ಟು ಹೊತ್ತುಕೊಂಡು ಹೊರಡಬಹುದಾಗಿತ್ತು. ಅದನ್ನು ಹಾಕಿಸಿದವರು ಪುಣ್ಯಕ್ಕಾಗಿ ಹಾಕಿಸುತ್ತಿದ್ದರು. ಕಲ್ಲು ಯಾರ ಜಾತಿಯನ್ನೂ ಕೇಳುತ್ತಿರಲಿಲ್ಲ, ಸುಂಕ ವಸೂಲು ಮಾಡುತ್ತಿರಲಿಲ್ಲ, ಇಳಿಸಿದ ಹೊರೆಯನ್ನು ತನ್ನ ಬಳಿ ಇಟ್ಟುಕೊಳ್ಳುತ್ತಲೂ ಇರಲಿಲ್ಲ.

ಲಾರಿಗಳೂ ಬಸ್ಸುಗಳೂ ಬಂದ ಮೇಲೆ ತಲೆಹೊರೆಯ ಪ್ರಯಾಣ ನಿಂತಿತು, ಕಲ್ಲುಗಳು ರಸ್ತೆ ಅಗಲಿಸುವವರ ಪಾಲಾದವು. ಆದರೆ ಮನುಷ್ಯನ ಇನ್ನೊಂದು ಹೊರೆ ಮಾತ್ರ ಯಾವ ಲಾರಿಗೂ ಏರಲಿಲ್ಲ. ಅದು ಮನಸ್ಸಿನ ಹೊರೆ. ಸಾಲ, ಸಾವು, ಮಗಳ ಮದುವೆ, ಮಗನ ಮೌನ, ತೀರದ ಅವಮಾನ, ಹೆಸರಿಲ್ಲದ ಭಯ, ಇವುಗಳನ್ನು ಹೊತ್ತವರು ಎಲ್ಲ ಕಾಲದಲ್ಲಿಯೂ ಎಲ್ಲ ದೇಶಗಳಲ್ಲಿಯೂ ಭುಜದ ಮಟ್ಟದ ಒಂದು ಕಲ್ಲನ್ನು ಹುಡುಕುತ್ತಲೇ ಇದ್ದಾರೆ. ಕೆಲವರಿಗೆ ಅದು ದೇವಸ್ಥಾನ, ಕೆಲವರಿಗೆ ಗೆಳೆಯನ ಜಗುಲಿ, ಕೆಲವರಿಗೆ ಡಾಕ್ಟರ ಕೋಣೆ. ಈ ಹುಡುಕಾಟವನ್ನು ಕುರಿತು ಎರಡು ಮಾತು ಬರೆಯಬೇಕೆನ್ನಿಸಿದ್ದು ನಾನು ಒಂದು ದೂರದ ದೇಶದಲ್ಲಿ ಒಂದು ನೀಲಿಯ ಕಟ್ಟಡವನ್ನು ಕಂಡ ಮೇಲೆ.

ನನ್ನ ಮಗ ಉದ್ಯೋಗದ ನಿಮಿತ್ತ ಲಾಸ್ ಏಂಜಲಿಸ್‌ನಲ್ಲಿದ್ದಾನೆ. ಅಲ್ಲಿಗೆ ಹೋದ ತಂದೆತಾಯಿಗಳ ಪಾಡು ಓದುಗರಿಗೆ ತಿಳಿಯದ್ದೇನಲ್ಲ. ಹಗಲೆಲ್ಲ ಮನೆ ಕಾಯುವುದು, ವಾರದ ಕೊನೆಗೆ ಮೋಟಾರಿನಲ್ಲಿ ಕುಳಿತು ಊರು ನೋಡುವುದು. ಹಾಗೆ ಒಂದು ದಿನ ಸನ್‌ಸೆಟ್ ಬೋಲೆವಾರ್ಡ್ ಎಂಬ ಹೆಸರಾಂತ ಬೀದಿಯಲ್ಲಿ ಹೋಗುತ್ತಿದ್ದಾಗ, ಆಕಾಶಕ್ಕೆ ಪೈಪೋಟಿ ಹೂಡಿದಂತೆ ನೀಲಿಬಣ್ಣ ಬಳಿದ ಭಾರಿ ಕಟ್ಟಡವೊಂದು ಕಣ್ಣಿಗೆ ಬಿದ್ದಿತು. “ಅದು ಆಸ್ಪತ್ರೆಯೇನೋ?” ಎಂದೆ. “ಹಿಂದೆ ಆಸ್ಪತ್ರೆಯೇ ಆಗಿತ್ತಂತೆ ಅಪ್ಪ, ಈಗ ಸೈಂಟಾಲಜಿ ಚರ್ಚು” ಎಂದ ಮಗ. ಸೀಡರ್ಸ್ ಆಫ್ ಲೆಬನಾನ್ ಎಂಬ ಆಸ್ಪತ್ರೆಯ ಆ ಕಟ್ಟಡವನ್ನು 1970ರ ದಶಕದಲ್ಲಿ ಆ ಚರ್ಚಿನವರು ಕೊಂಡುಕೊಂಡರು. ಆಸ್ಪತ್ರೆ ಮಠವಾಯಿತೆಂಬ ಈ ಸಂಗತಿ ನನ್ನ ತಲೆಯಲ್ಲಿ ನಾಟಿತು. ಮನೆಗೆ ಬಂದ ಮೇಲೆ ಆ ಸಂಸ್ಥೆಯ ವಿಚಾರ ಸಿಕ್ಕಿದ್ದನ್ನೆಲ್ಲ ಓದಿದೆ. ವಯಸ್ಸಾದವನಿಗೆ ಬೇರೆ ಕೆಲಸವಾದರೂ ಏನಿತ್ತು!

ಚರ್ಚು ಎಂದೊಡನೆ ಏಸುವಿನ ಗುಡಿಯೆಂದು ತಿಳಿಯಬಾರದು. ಕ್ರೈಸ್ತಮತಕ್ಕೂ ಇದಕ್ಕೂ ಹೆಸರಿನ ಹೊರತು ಸಂಬಂಧವಿಲ್ಲ. ಇದನ್ನು ಹುಟ್ಟುಹಾಕಿದವನು ಲಾಫಯೆಟ್ ರಾನ್ ಹಬ್ಬರ್ಡ್, 1911ರಲ್ಲಿ ಅಮೆರಿಕದ ನೆಬ್ರಾಸ್ಕದಲ್ಲಿ ಹುಟ್ಟಿದವನು. ಈ ವಾರಪತ್ರಿಕೆಯ ಓದುಗರಿಗೆ ರುಚಿಸಬಹುದಾದ ವಿಷಯವೆಂದರೆ, ಆತ ಮೊದಲು ಅಗ್ಗದ ಕಥಾಪತ್ರಿಕೆಗಳಿಗೆ ಸಾಹಸದ ಕಥೆಗಳನ್ನೂ ವೈಜ್ಞಾನಿಕ ಕಲ್ಪನೆಯ ಕಥೆಗಳನ್ನೂ ಬರೆದು ಬದುಕುತ್ತಿದ್ದವನು. “ಮುಂದಿನ ಸಂಚಿಕೆಯಲ್ಲಿ” ಎಂಬ ಎರಡು ಪದಗಳ ಶಕ್ತಿಯನ್ನು ಬಲ್ಲವನು. 1950ರಲ್ಲಿ ಅವನು ‘ಡಯನೆಟಿಕ್ಸ್’ ಎಂಬ ಪುಸ್ತಕವನ್ನು ಪ್ರಕಟಿಸಿದ. ಅದರ ಮೊದಲ ಸುಳಿವು ಹೊರಬಿದ್ದದ್ದೂ ವೈಜ್ಞಾನಿಕ ಕಥೆಗಳ ಒಂದು ಮಾಸಪತ್ರಿಕೆಯಲ್ಲಿಯೇ. ಪುಸ್ತಕ ಬಿಸಿಬಿಸಿಯಾಗಿ ಖರ್ಚಾಯಿತು. ಮೂರು ನಾಲ್ಕು ವರ್ಷಗಳೊಳಗೆ ಮನಸ್ಸಿನ ಚಿಕಿತ್ಸೆಯ ಆ ಪುಸ್ತಕದಿಂದ ಒಂದು ಮತವೇ ಬೆಳೆಯಿತು. 1954ರಲ್ಲಿ ಲಾಸ್ ಏಂಜಲಿಸ್‌ನಲ್ಲಿ ಅದರ ಚರ್ಚು ಸ್ಥಾಪನೆಯಾಯಿತು.

ಹಬ್ಬರ್ಡನ ಸಿದ್ಧಾಂತ ಸ್ಥೂಲವಾಗಿ ಹೀಗೆ: ನಾವು ನೋವುಂಡ ಪ್ರತಿಯೊಂದು ಗಳಿಗೆಯ ಅಚ್ಚು ಮನಸ್ಸಿನ ಒಂದು ಮೂಲೆಯಲ್ಲಿ ಉಳಿದಿರುತ್ತದೆ. ನಮಗೆ ಅರಿವಿಲ್ಲದೆಯೇ ಅದು ನಮ್ಮನ್ನು ಕುಣಿಸುತ್ತದೆ. ಒಬ್ಬ ಪರಿಣತ ಎದುರಿಗೆ ಕುಳಿತು ಕ್ರಮವಾಗಿ ಪ್ರಶ್ನೆ ಕೇಳುತ್ತಾ ಹೋದರೆ ಆ ಅಚ್ಚುಗಳು ಒಂದೊಂದಾಗಿ ಅಳಿಸಿಹೋಗಿ ಮನುಷ್ಯ ನಿರ್ಮಲನಾಗುತ್ತಾನೆ. ಪ್ರಶ್ನೆ ಕೇಳುವವನನ್ನು ‘ಆಡಿಟರ್’ ಎನ್ನುತ್ತಾರೆ. ಲೆಕ್ಕಪತ್ರ ತಪಾಸಣೆ ಮಾಡುವ ಆಡಿಟರನ್ನೇ ಬಲ್ಲ ನಮಗೆ ಆ ಹೆಸರು ಸ್ವಲ್ಪ ಬೆವರಿಳಿಸಬಹುದು. ಆದರೆ ಆ ಪದದ ಮೂಲಾರ್ಥ ‘ಕೇಳುವವನು’ ಎಂದಷ್ಟೆ. ಕೇಳಿಸಿಕೊಳ್ಳುವಾಗ ಈ-ಮೀಟರು ಎಂಬ ಒಂದು ಯಂತ್ರವನ್ನು ಮುಂದಿಟ್ಟುಕೊಂಡಿರುತ್ತಾರೆ. ಹೇಳಿಕೊಳ್ಳುವವನು ಎರಡು ಲೋಹದ ಡಬ್ಬಿಗಳನ್ನು ಕೈಯಲ್ಲಿ ಹಿಡಿದಿರಬೇಕು. ಮೈಯ ಮೂಲಕ ಹರಿಯುವ ಅತಿ ಸಣ್ಣ ವಿದ್ಯುತ್ತು ಏರಿಳಿದಂತೆ ಯಂತ್ರದ ಮುಳ್ಳು ಅಲುಗುತ್ತದೆ. ಮುಳ್ಳಿನ ಅಲುಗಾಟದಿಂದ ಮನಸ್ಸಿನ ನೋವಿನ ಜಾಗ ತಿಳಿಯುತ್ತದೆಂಬುದು ಅವರ ನಂಬಿಕೆ. ಪುನರ್ಜನ್ಮದಲ್ಲಿಯೂ ಅವರಿಗೆ ವಿಶ್ವಾಸವುಂಟು. ಹಬ್ಬರ್ಡ್ ತನ್ನ ವಿಚಾರದ ಪೂರ್ವಿಕರಲ್ಲಿ ವೇದಗಳನ್ನೂ ಬುದ್ಧನನ್ನೂ ಎಣಿಸಿದ್ದಾನೆ. ಆದ್ದರಿಂದ ಹಿಂದಿನ ಜನ್ಮದ ಮಾತು ಕೇಳಿ ನಾವು ನಗುವುದು ತರವಲ್ಲ.

ಇನ್ನು ಅಂತಹ ಒಂದು ಚರ್ಚು ತಾನಿರುವ ಊರಿಗೆ ಏನನ್ನು ಕೊಡುತ್ತದೆ? ಬಾಗಿಲು ದಾಟಿದೊಡನೆ ಪುಸ್ತಕಗಳು, ಚಲನಚಿತ್ರಗಳು. 200 ಪ್ರಶ್ನೆಗಳ ಒಂದು ಉಚಿತ ಪರೀಕ್ಷೆಯಲ್ಲಿ ನಿಮ್ಮ ಸ್ವಭಾವದ ಏರುತಗ್ಗುಗಳನ್ನು ಗೆರೆ ಎಳೆದು ತೋರಿಸುತ್ತಾರೆ. ಭಾನುವಾರದ ಪ್ರಾರ್ಥನಾಸಭೆ, ಮದುವೆ, ನಾಮಕರಣಗಳುಂಟು. ಮಾದಕವಸ್ತುಗಳ ಕೇಡನ್ನು ತಿಳಿಸುವ ಚಿಕ್ಕ ಪುಸ್ತಕಗಳನ್ನೂ, 21 ನೀತಿಸೂತ್ರಗಳುಳ್ಳ ಇನ್ನೊಂದು ಪುಸ್ತಕವನ್ನೂ ಹಂಚುತ್ತಾರೆ. ಹಳದಿಯ ಉಡುಪಿನ ಅವರ ಸ್ವಯಂಸೇವಕರು ವಿಪತ್ತು ಬಂದೆಡೆಗೆ ಓಡುತ್ತಾರೆ. 2004ರ ಸುನಾಮಿಯ ಬಳಿಕ ಏಷ್ಯದ ಕರಾವಳಿಗೂ ಅವರು ಬಂದಿದ್ದರು. ಇದೆಲ್ಲಕ್ಕಿಂತ ಮಿಗಿಲಾಗಿ, ಗಂಟೆಗಟ್ಟಲೆ ಎದುರಿಗೆ ಕುಳಿತು, ನಡುವೆ ಬಾಯಿ ಹಾಕದೆ, ಗಡಿಯಾರ ನೋಡದೆ, ನಿಮ್ಮೊಬ್ಬರ ಮಾತನ್ನೇ ಕೇಳುವ ಒಬ್ಬ ಮನುಷ್ಯ ಅಲ್ಲಿ ದೊರೆಯುತ್ತಾನೆ. ನಮ್ಮ ಮನೆಗಳಲ್ಲಿ, ಗಂಡ ವೃತ್ತಪತ್ರಿಕೆಯ ಹಿಂದೆಯೂ ಮಕ್ಕಳು ದೂರವಾಣಿಯ ಗಾಜಿನ ಹಿಂದೆಯೂ ಮರೆಯಾಗಿರುವ ಈ ಕಾಲದಲ್ಲಿ, ಇದೇನು ಅಲ್ಪ ವಸ್ತುವೇ? ಜನ ಅಲ್ಲಿಗೆ ಏಕೆ ಹೋಗುತ್ತಾರೆಂಬುದು ನನಗೆ ಆಗ ಅರ್ಥವಾಯಿತು.

ಆದರೆ ಆ ಕಿವಿಗೆ ಬೆಲೆಯುಂಟು. ಮೊದಲ ಪರೀಕ್ಷೆ ಉಚಿತವಾದರೂ ಮುಂದಿನ ಮೆಟ್ಟಿಲುಗಳಿಗೆ ಗೊತ್ತುಮಾಡಿದ ಕಾಣಿಕೆ ಸಲ್ಲಿಸಬೇಕು. ಮೆಟ್ಟಿಲುಗಳೋ ಒಂದರ ಮೇಲೊಂದು. ಎಲ್ಲಕ್ಕಿಂತ ಮೇಲಿನವುಗಳ ಬೋಧನೆ ಗುಟ್ಟು. ಅಲ್ಲಿಯವರೆಗೆ ಏರಿದವರಿಗೆ ಮಾತ್ರ ಅದು ತೆರೆಯುತ್ತದೆ. ಧಾರಾವಾಹಿಯ ಕಂತುಗಳಂತೆ! ಒಂದು ಸೌಲಭ್ಯವೆಂದರೆ, ನಮ್ಮ ವಾರಪತ್ರಿಕೆಯ ಕಂತನ್ನು ಪಕ್ಕದ ಮನೆಯವರಿಂದ ಎರವಲು ತಂದು ಓದಬಹುದು, ಅದನ್ನು ಹಾಗೆ ಮಾಡಲಾಗದು. ಚರ್ಚನ್ನು ತೊರೆದುಬಂದ ಹಲವರು, ಉಳಿದ ತಮ್ಮ ಬಂಧುಗಳು ತಮ್ಮೊಡನೆ ಮಾತುಕತೆ ನಿಲ್ಲಿಸಿದರೆಂದು ದುಃಖಪಟ್ಟಿದ್ದಾರೆ. ಅದು ಅವರವರ ಸ್ವಂತ ಇಚ್ಛೆಯೆಂಬುದು ಚರ್ಚಿನ ಉತ್ತರ. ಮನೋವೈದ್ಯರೆಂದರಂತೂ ಆ ಸಂಸ್ಥೆಗೆ ಆಗದು. ಅವರನ್ನು ವಿರೋಧಿಸುವುದಕ್ಕೆಂದೇ 1969ರಲ್ಲಿ ಒಂದು ಪ್ರತ್ಯೇಕ ಸಂಘ ಹುಟ್ಟಿಕೊಂಡಿತು.

ಸರ್ಕಾರಗಳಿಗೂ ಈ ಚರ್ಚಿಗೂ ನಡೆದಿರುವ ವ್ಯಾಜ್ಯಗಳ ಕಥೆ ಉದ್ದವಾದದ್ದು. 1963ರಲ್ಲಿ ಅಮೆರಿಕದ ಸರ್ಕಾರ ಈ-ಮೀಟರುಗಳನ್ನು ಜಪ್ತಿಮಾಡಿತು. 1971ರಲ್ಲಿ ಅಲ್ಲಿನ ನ್ಯಾಯಾಲಯ, ಧಾರ್ಮಿಕ ಬಳಕೆಗೆ ಅಡ್ಡಿಯಿಲ್ಲವೆಂದೂ ಆದರೆ ರೋಗ ಪತ್ತೆಹಚ್ಚಲು ಇಲ್ಲವೆ ಗುಣಪಡಿಸಲು ಅದು ಉಪಯೋಗವಿಲ್ಲವೆಂಬ ಚೀಟಿಯನ್ನು ಯಂತ್ರಕ್ಕೆ ಅಂಟಿಸಬೇಕೆಂದೂ ಹೇಳಿತು. 1983ರಲ್ಲಿ ಆಸ್ಟ್ರೇಲಿಯದ ಉಚ್ಚ ನ್ಯಾಯಾಲಯ ಇದನ್ನು ಧರ್ಮವೆಂದು ಒಪ್ಪಿತು. 1993ರಲ್ಲಿ ಅಮೆರಿಕದ ತೆರಿಗೆ ಇಲಾಖೆ ವಿನಾಯಿತಿ ನೀಡಿತು. 2009ರಲ್ಲಿ ಫ್ರಾನ್ಸಿನ ನ್ಯಾಯಾಲಯ ಸಂಘಟಿತ ವಂಚನೆಯ ಅಪರಾಧಕ್ಕಾಗಿ ಅಲ್ಲಿನ ಶಾಖೆಗೆ ದಂಡ ಹಾಕಿತು, 2013ರಲ್ಲಿ ಆ ತೀರ್ಪು ಖಾಯಂ ಆಯಿತು. ಅದೇ 2013ರಲ್ಲಿ ಬ್ರಿಟನ್ನಿನ ಸರ್ವೋಚ್ಚ ನ್ಯಾಯಾಲಯ, ಅವರ ಲಂಡನ್ ಮಂದಿರದಲ್ಲಿ ಮದುವೆ ನಡೆಯಬಹುದೆಂದಿತು. ಒಂದೇ ಕಟ್ಟಡವನ್ನು ಒಂದು ದೇಶ ಗುಡಿಯೆಂದಿತು, ಇನ್ನೊಂದು ದೇಶ ಅಂಗಡಿಯೆಂದಿತು. ಪಂಡಿತರಾದ ನ್ಯಾಯಮೂರ್ತಿಗಳಿಗೇ ಒಮ್ಮತವಿಲ್ಲದಿರುವಾಗ ನನ್ನಂತಹವನು ತೀರ್ಪು ಕೊಡುವುದು ಸಲ್ಲದು. ಆದರೆ ಹೊರೆ ಹೊತ್ತವನಿಗೆ ಇರುವ ಪ್ರಶ್ನೆ ಬೇರೆ. ಇದು ಧರ್ಮವೋ ಅಲ್ಲವೋ ಎಂಬ ಚಿಂತೆ ಅವನಿಗಿಲ್ಲ. ಇಲ್ಲಿ ಇಳಿಸಿದರೆ ನನಗೆ ಒಳ್ಳೆಯದಾಗುತ್ತದೆಯೇ ಎಂಬುದೇ ಅವನ ಚಿಂತೆ.

ಈ ಪ್ರಶ್ನೆ ನನ್ನ ಪಾಲಿಗೆ ಬರಿಯ ಜಿಜ್ಞಾಸೆಯಾಗಿ ಉಳಿಯಲಿಲ್ಲ. ಅಮೆರಿಕದಿಂದ ಹಿಂದಿರುಗಿದ ಎರಡು ತಿಂಗಳಿಗೆಲ್ಲ ಅದು ನಮ್ಮ ಮನೆಯ ಬಾಗಿಲಿಗೇ ಬಂದಿತು.

ನಮ್ಮದು ಶಿಡ್ಲಘಟ್ಟ ತಾಲ್ಲೂಕಿನ ದಿಬ್ಬೂರಹಳ್ಳಿ. ಕನ್ನಡದಲ್ಲಿ ಆರಂಭವಾದ ವಾಕ್ಯ ತೆಲುಗಿನಲ್ಲಿ ಮುಗಿದರೂ ಯಾರೂ ಹುಬ್ಬೇರಿಸದ ಸೀಮೆ. ನದಿಯಿಲ್ಲ, ನಾಲೆಯಿಲ್ಲ. ಸಾವಿರ ಅಡಿ ದಾಟಿ ಇಳಿದ ಕೊಳವೆಬಾವಿಗಳ ನೀರನ್ನು ಹಿಪ್ಪುನೇರಳೆಗೆ ಉಣಿಸಿ, ಹುಳು ಸಾಕಿ, ಗೂಡನ್ನು ಶಿಡ್ಲಘಟ್ಟದ ಮಾರುಕಟ್ಟೆಗೆ ಸಾಗಿಸಿ ಬದುಕುವ ಜನ. ನನ್ನ ತಮ್ಮನೂ ಅವನ ಮಗನೂ ಅದೇ ಕಸುಬಿನವರು. ರೇಷ್ಮೆಯ ಬೇಸಾಯವನ್ನು ದೂರದಿಂದ ಬಲ್ಲವರಿಗೆ ಅದರ ಆತಂಕ ತಿಳಿಯದು. ಇಪ್ಪತ್ತೈದು ಇಪ್ಪತ್ತಾರು ದಿನಗಳ ಕಾಲ ಹುಳುಮನೆಯಲ್ಲಿ ಬಾಣಂತಿಯ ಮನೆಯಷ್ಟು ಜೋಪಾನ. ನಾಲ್ಕು ಬಾರಿ ‘ಜ್ವರ’ಕ್ಕೆ ಕುಳಿತು ಪೊರೆ ಕಳಚಿದ ಹುಳು ಹಣ್ಣಾಗಿ ಇನ್ನೇನು ಚಂದ್ರಿಕೆಗೆ ಏರಬೇಕು, ಆಗ ಹಾಲುತೊಂಡೆ ತಗುಲಿದರೆ ಎರಡು ದಿನಗಳಲ್ಲಿ ಎಲ್ಲವೂ ತಿಪ್ಪೆಗೆ. ನನ್ನ ತಮ್ಮನ ಮಗನಿಗೆ ಹಾಗೆ ಒಂದರ ಮೇಲೊಂದು ಎರಡು ಬೆಳೆ ಹೋಯಿತು. ಕೊಳವೆಬಾವಿಗೆ ತಂದ ಸಾಲ ಹಾಗೆಯೇ ನಿಂತಿತು. ಹುಡುಗ ಮೊದಲು ನಿದ್ದೆ ಬಿಟ್ಟ, ಆಮೇಲೆ ಊಟ ಬಿಟ್ಟ, ಕೊನೆಗೆ ಮಾತು ಬಿಟ್ಟ. ಖಾಲಿಯಾದ ಹುಳುಮನೆಯಲ್ಲಿ ಒಬ್ಬನೇ ಕುಳಿತಿರುತ್ತಿದ್ದ.

ನಾನು ಹೋದಾಗ ಮನೆಯಲ್ಲಿ ಒಂದು ಪುಟ್ಟ ಸಭೆಯೇ ನೆರೆದಿತ್ತು. ಒಬ್ಬೊಬ್ಬರದು ಒಂದೊಂದು ಸಲಹೆ. ಕೈವಾರಕ್ಕೆ ಕರೆದುಕೊಂಡು ಹೋಗಿ ತಾತಯ್ಯನವರ ಸನ್ನಿಧಿಯಲ್ಲಿ ಕೂರಿಸಿ ಎಂದರು ಹಿರಿಯರೊಬ್ಬರು. ಮುರುಗಮಲ್ಲದ ದರ್ಗಾಕ್ಕೆ ಒಯ್ಯಿರಿ ಎಂದರು ಇನ್ನೊಬ್ಬರು. ಯಾವನೋ ಮಾಟ ಮಾಡಿಸಿರಬೇಕೆಂದು ಮೂರನೆಯವರು ಗೊಣಗಿದರು. ತಮ್ಮನ ಹೆಂಡತಿ ಬಾಗಿಲ ಮರೆಯಲ್ಲಿ ನಿಂತು, “ಭಾವ, ನೀವು ಓದಿದವರು. ನಾಲ್ಕು ದೇಶ ನೋಡಿದವರು. ಇವನನ್ನ ಎಲ್ಲಿಗೆ ಕರಕೊಂಡು ಹೋಗಬೇಕು ಅಂತ ನೀವೇ ಹೇಳಿ” ಎಂದಳು. ಅಮೆರಿಕದ ನೀಲಿಯ ಕಟ್ಟಡದ ಮುಂದೆ ನಾನು ಕೇಳಿಕೊಂಡ ಪ್ರಶ್ನೆಯೇ ಅದು. ಅಲ್ಲಿ ಕುತೂಹಲವಾಗಿದ್ದದ್ದು ಇಲ್ಲಿ ಒಬ್ಬ ತಾಯಿಯ ಕಣ್ಣೀರಾಗಿತ್ತು.

ಕೈವಾರದ ಹೆಸರು ಬಂದದ್ದು ಸಹಜವೇ. ಚಿಂತಾಮಣಿ ತಾಲ್ಲೂಕಿನ ಆ ಊರಿನಲ್ಲಿ 1726ರಲ್ಲಿ ಹುಟ್ಟಿ, 110 ವರ್ಷ ಬಾಳಿ, 1836ರಲ್ಲಿ ಸಮಾಧಿಸ್ಥರಾದರೆಂದು ಭಕ್ತರು ಹೇಳುವ ಯೋಗಿ ನಾರೇಯಣ ಯತೀಂದ್ರರು ನಮ್ಮ ಸೀಮೆಗೆಲ್ಲ ತಾತಯ್ಯ. ಊರೂರು ಸುತ್ತಿ ಬಳೆ ಮಾರುತ್ತಿದ್ದ ಸಂಸಾರಿ. ವ್ಯಾಪಾರದಲ್ಲಿ ಗಿಟ್ಟದೆ, ಮನೆಯಲ್ಲಿ ನೆಮ್ಮದಿಯಿಲ್ಲದೆ ನೊಂದಿದ್ದ ಆ ಬಳೆಗಾರನಿಗೆ ದಾರಿಯಲ್ಲಿ ಒಬ್ಬ ಪರದೇಶಿಸ್ವಾಮಿ ಸಿಕ್ಕಿ, ಬಾಯಲ್ಲಿ ಬೆಣಚುಕಲ್ಲಿಟ್ಟುಕೊಂಡು ನಾರಾಯಣನ ಅಷ್ಟಾಕ್ಷರಿಯನ್ನು ಜಪಿಸೆಂದು ಹೇಳಿದನಂತೆ. ಕಲ್ಲು ಕಲ್ಲುಸಕ್ಕರೆಯಾಯಿತೆಂದು ಕಥೆ. ಕಥೆಯ ಮಾತು ಹಾಗಿರಲಿ, ಬದುಕಿನಲ್ಲಿ ಸೋತ ಬಳೆಗಾರನೊಬ್ಬ ತೆಲುಗಿನಲ್ಲಿಯೂ ಕನ್ನಡದಲ್ಲಿಯೂ ಪದ ಕಟ್ಟಿ ಹಾಡಿದ ಎಂಬುದು ಸೋತವರಿಗೆಲ್ಲ ಒಂದು ಧೈರ್ಯ. ಇಂದಿಗೂ ಅಲ್ಲಿ ಬಂದವರಿಗೆಲ್ಲ ಅನ್ನದಾಸೋಹವಿದೆ. ಗುರುಪೂರ್ಣಿಮೆಗೆ ಮೂರು ದಿನಗಳ ಸಂಗೀತೋತ್ಸವ ನಡೆಯುತ್ತದೆ. ದೊಡ್ಡ ವಿದ್ವಾಂಸರು ಹಾಡಿದ ವೇದಿಕೆಯ ಮೇಲೆಯೇ ಹಳ್ಳಿಯ ಭಜನೆಮೇಳವೂ ತಾಳ ಹಾಕುತ್ತದೆ. ಅಲ್ಲಿಗೆ ಹೋದವನ ಸ್ವಭಾವವನ್ನು ಯಾರೂ ಗೆರೆ ಎಳೆದು ತೋರಿಸುವುದಿಲ್ಲ. ‘ಊಟವಾಯಿತೆ?’ ಎಂದು ಕೇಳುತ್ತಾರೆ. ಒಮ್ಮೊಮ್ಮೆ ಆ ಒಂದು ಪ್ರಶ್ನೆ 200 ಪ್ರಶ್ನೆಗಳಿಗಿಂತ ಹೆಚ್ಚಿನ ಕೆಲಸ ಮಾಡುತ್ತದೆ.

ಮುರುಗಮಲ್ಲವೂ ಅದೇ ಚಿಂತಾಮಣಿ ತಾಲ್ಲೂಕಿನದು. ಅಲ್ಲಿನ ಅಮ್ಮಾಜಾನ್ ಬಾವಾಜಾನ್ ದರ್ಗಾಕ್ಕೆ ಹಿಂದೂಗಳೂ ಮುಸಲ್ಮಾನರೂ ಒಂದೇ ಬಸ್ಸಿನಲ್ಲಿ ಹೋಗುತ್ತಾರೆ. ಗಾಳಿ ಸೋಕಿತೆಂದು, ಬುದ್ಧಿ ಕದಡಿತೆಂದು ಮನೆಯವರು ಹೊತ್ತು ತರುವ ಜೀವಗಳು ಎಷ್ಟೋ. ನಾಗರಿಕರೆನಿಸಿಕೊಂಡ ನಮ್ಮಲ್ಲಿ ಹಲವರು ಇದನ್ನೆಲ್ಲ ಒಂದೇ ಮಾತಿನಲ್ಲಿ ಮೂಢನಂಬಿಕೆಯೆಂದು ತಳ್ಳಿಹಾಕುತ್ತೇವೆ. ಆದರೆ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ವೈದ್ಯರು ಹಾಗೆ ತಳ್ಳಿಹಾಕಲಿಲ್ಲ. ತಮಿಳುನಾಡಿನ ಹಳ್ಳಿಯೊಂದರ ಮುತ್ತುಸ್ವಾಮಿ ದೇವಾಲಯದಲ್ಲಿ ತಂಗಿದ್ದ 31 ಮಂದಿ ಮನೋರೋಗಿಗಳನ್ನು ಅವರು ಪರೀಕ್ಷಿಸಿ, 2002ರಲ್ಲಿ ಬ್ರಿಟನ್ನಿನ ಹೆಸರಾಂತ ವೈದ್ಯಕೀಯ ಪತ್ರಿಕೆಯಲ್ಲಿ ವರದಿ ಪ್ರಕಟಿಸಿದರು. ಸರಾಸರಿ ಆರು ವಾರ ಅಲ್ಲಿದ್ದವರ ರೋಗಲಕ್ಷಣಗಳು ಶೇಕಡ ಸುಮಾರು 20ರಷ್ಟು ತಗ್ಗಿದ್ದವು. ಅಲ್ಲಿ ಮಂತ್ರತಂತ್ರಗಳ ಅಬ್ಬರವಿರಲಿಲ್ಲ. ಜೊತೆಯಲ್ಲಿ ಮನೆಯವರೊಬ್ಬರು, ಗುಡಿಯ ಅಂಗಳದಲ್ಲಿ ಸಣ್ಣಪುಟ್ಟ ಕೆಲಸ, ಬೆದರಿಕೆಯಿಲ್ಲದ ವಾತಾವರಣ. ಗುಣ ಬಂದದ್ದು ಅದರಿಂದ ಎಂದು ವೈದ್ಯರು ಬಗೆದರು.

ಇದರ ಇನ್ನೊಂದು ಮಗ್ಗುಲನ್ನೂ ಮರೆಯುವಂತಿಲ್ಲ. ಅದೇ ತಮಿಳುನಾಡಿನ ಏರ್ವಾಡಿಯಲ್ಲಿ, ದರ್ಗಾದ ಸುತ್ತಮುತ್ತ ಖಾಸಗಿಯವರು ನಡೆಸುತ್ತಿದ್ದ ವಸತಿಗಳಲ್ಲೊಂದಕ್ಕೆ 2001ರ ಆಗಸ್ಟ್ 6ರ ಬೆಳಗಿನ ಜಾವ ಬೆಂಕಿ ಬಿದ್ದಿತು. ಒಳಗಿದ್ದ ರೋಗಿಗಳನ್ನು ಸರಪಳಿಯಿಂದ ಬಿಗಿದಿದ್ದರು. ಓಡಲಾರದೆ 28 ಮಂದಿ ಸತ್ತರು. ದೇಶದ ಸರ್ವೋಚ್ಚ ನ್ಯಾಯಾಲಯವೇ ಆಗ ಎಚ್ಚತ್ತು ವಿಚಾರಣೆಗೆ ಕೈಹಾಕಿತು. ಒಂದೇ ನಾಡಿನ ಎರಡು ಪುಣ್ಯಕ್ಷೇತ್ರಗಳು. ಒಂದರಲ್ಲಿ ಅಂಗಳ, ಇನ್ನೊಂದರ ನೆರಳಿನಲ್ಲಿ ಸರಪಳಿ. ಸಂತನ ಹೆಸರಿನಿಂದ ವ್ಯತ್ಯಾಸವಾಗಲಿಲ್ಲ, ಕಾವಲಿನವರಿಂದ ಆಯಿತು.

ಅಂದಿನ ಸಭೆಯಲ್ಲಿ ಕುಳಿತಿದ್ದಾಗ ನನಗೆ ನಮ್ಮ ಜಿಲ್ಲೆಯವರೇ ಆದ ಇನ್ನೊಬ್ಬ ಹಿರಿಯರ ನೆನಪಾಯಿತು. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಬಡಕುಟುಂಬದಲ್ಲಿ ಹುಟ್ಟಿ, ಓದುವ ಹಂಬಲದಿಂದ ಬೆಂಗಳೂರಿಗೆ ನಡೆದೇ ಬಂದ ಎಚ್. ನರಸಿಂಹಯ್ಯನವರು. ಅಮೆರಿಕದಲ್ಲಿ ಭೌತಶಾಸ್ತ್ರದ ಡಾಕ್ಟರೇಟು ಪಡೆದರೂ ಖಾದಿಯ ಪಂಚೆ ಜುಬ್ಬ ಬಿಡದೆ, ನ್ಯಾಷನಲ್ ಕಾಲೇಜಿನ ವಿದ್ಯಾರ್ಥಿನಿಲಯದ ಒಂದು ಕೋಣೆಯಲ್ಲಿ ಬ್ರಹ್ಮಚಾರಿಯಾಗಿ ಬಾಳಿದ ಆ ಮೇಷ್ಟರು 1962ರಲ್ಲಿ ಬೆಂಗಳೂರು ವಿಜ್ಞಾನ ವೇದಿಕೆಯನ್ನು ಕಟ್ಟಿದರು. 1976ರಲ್ಲಿ, ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿದ್ದಾಗ, ಪವಾಡಗಳನ್ನು ಪರೀಕ್ಷಿಸುವುದಕ್ಕೆ ಒಂದು ಸಮಿತಿಯನ್ನೇ ನೇಮಿಸಿ ನಾಡಿನಲ್ಲೆಲ್ಲ ಕೋಲಾಹಲವೆಬ್ಬಿಸಿದರು. ಕೇಳದೆ ಏನನ್ನೂ ಒಪ್ಪಬಾರದೆಂಬುದು 2005ರಲ್ಲಿ ತೀರಿಕೊಳ್ಳುವವರೆಗೂ ಅವರು ಬಿಡದ ಪಾಠ. ಅವರ ಭಾಷಣಗಳನ್ನು ನಾನು ಹಿಂದಿನ ಸಾಲಿನಲ್ಲಿ ಕುಳಿತು ಕೇಳಿದ್ದೇನೆ. ತಾತಯ್ಯನವರ ಸೀಮೆಯೇ ನರಸಿಂಹಯ್ಯನವರ ಸೀಮೆಯೂ ಹೌದು. ಒಬ್ಬರು ಹಾಡಲು ಕಲಿಸಿದರು, ಇನ್ನೊಬ್ಬರು ಕೇಳಲು ಕಲಿಸಿದರು. ಎರಡರಲ್ಲಿ ಒಂದನ್ನು ಬಿಟ್ಟುಬಿಡಬೇಕೆಂದು ಯಾವ ಶಾಸ್ತ್ರ ಹೇಳುತ್ತದೆ?

ಹೀಗೆಂದು ಯೋಚಿಸಿ ನಾನು ತಮ್ಮನ ಹೆಂಡತಿಗೆ ಹೇಳಿದೆ: “ನೋಡಮ್ಮ, ಕೈವಾರಕ್ಕೂ ಹೋಗೋಣ, ಬೇಡ ಅನ್ನೋದಿಲ್ಲ. ಆದರೆ ಮೊದಲು ಡಾಕ್ಟರ ಹತ್ತಿರ. ಹುಳುವಿಗೆ ರೋಗ ಬಂದರೆ ರೇಷ್ಮೆ ಇಲಾಖೆಯವರನ್ನ ಕೇಳ್ತೀರಿ. ಮಗನಿಗೆ ಬಂದರೆ ಕೇಳಬಾರದೆ?”

ಆಕೆ ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ, “ಊರಲ್ಲಿ ಹುಚ್ಚು ಅಂತಾರಲ್ಲ ಭಾವ, ನಾಳೆ ಹೆಣ್ಣು ಕೊಡೋರು ಯಾರು?” ಎಂದಳು. ಅಸಲು ಹೊರೆ ಅಲ್ಲಿತ್ತು. ರೋಗಕ್ಕಿಂತ ರೋಗದ ಹೆಸರು ಭಾರ. ಗುಡಿಗೆ ಹೋದರೆ ಭಕ್ತನಾಗುತ್ತಾನೆ, ಮನೋವೈದ್ಯರಲ್ಲಿಗೆ ಹೋದರೆ ಹುಚ್ಚನಾಗುತ್ತಾನೆ. ನಮ್ಮ ಜನ ಮೊದಲು ಗುಡಿಯ ದಾರಿ ಹಿಡಿಯುವುದಕ್ಕೆ ನಂಬಿಕೆಯೊಂದೇ ಕಾರಣವಲ್ಲ, ಮಾನವೂ ಕಾರಣ.

ಆಗ ಮಾತನಾಡಿದವನು ಅಲ್ಲಿಯವರೆಗೆ ಗೋಡೆಗೆ ಒರಗಿ ನೆಲ ನೋಡುತ್ತಿದ್ದ ಹುಡುಗನೇ. “ದೊಡ್ಡಪ್ಪ, ನಂಗೆ ನಿದ್ದೆ ಬಂದರೆ ಸಾಕು. ಎಲ್ಲಿಗಾದರೂ ಕರಕೊಂಡು ಹೋಗಿ” ಎಂದ. ಮೂರು ವಾರಗಳಲ್ಲಿ ಅವನು ಆಡಿದ ಅತಿ ಉದ್ದದ ಮಾತು ಅದೆಂದು ಅವನ ತಂದೆ ಆಮೇಲೆ ಹೇಳಿದ.

ಮರುದಿನ ಹೋದೆವು. ವೈದ್ಯರು ಯುವಕರು. ಯಾವ ಯಂತ್ರದ ಮುಳ್ಳನ್ನೂ ನೋಡದೆ, ಹುಡುಗನ ಮುಖ ನೋಡುತ್ತಾ ಮುಕ್ಕಾಲು ಗಂಟೆ ಅವನ ಮಾತು ಕೇಳಿದರು. ಸಾಯುವ ಯೋಚನೆ ಬರುತ್ತಿದೆಯೇ ಎಂದು ನೇರವಾಗಿಯೇ ಕೇಳಿದರು. ಬರುತ್ತಿದೆಯೆಂದು ಅವನು ಹೇಳಿದಾಗ ನನ್ನ ತಮ್ಮ ಕುರ್ಚಿಯ ತೋಳನ್ನು ಬಿಗಿಹಿಡಿದುಕೊಂಡ. ಅಂಥ ಪ್ರಶ್ನೆ ಕೇಳಿದರೆ ಇಲ್ಲದ ಯೋಚನೆ ಹುಟ್ಟೀತೆಂದು ನಾವೆಲ್ಲ ಅಂಜುತ್ತೇವೆ. ಹಾಗಾಗುವುದಿಲ್ಲವಂತೆ. ಕೇಳಿದರೆ ಹೊರೆ ಇಳಿಯುತ್ತದೆಯೆಂದು ವೈದ್ಯರು ವಿವರಿಸಿದರು. ಇದು ಖಿನ್ನತೆಯೆಂಬ ಕಾಯಿಲೆ, ಗುಣವಾಗುವಂಥದ್ದು, ಆದರೆ ಮಾತ್ರೆಯ ಫಲ ಕಾಣುವುದಕ್ಕೆ ಕೆಲವು ವಾರ ಬೇಕು, ಅಲ್ಲಿಯವರೆಗೆ ಅವನನ್ನು ಒಂಟಿಯಾಗಿ ಬಿಡಬೇಡಿ, ಹೊಲಮನೆಯ ಔಷಧಿಗಳನ್ನು ಬೀಗ ಹಾಕಿಡಿ ಎಂದರು. “ಭಜನೆಗೆ ಕರಕೊಂಡು ಹೋಗಬಹುದೇ ಸಾರ್?” ಎಂದು ತಮ್ಮ ಅಳುಕುತ್ತಾ ಕೇಳಿದ. “ಅಗತ್ಯವಾಗಿ ಕರಕೊಂಡು ಹೋಗಿ. ಮಾತ್ರೆ ಮಾತ್ರ ಬಿಡಿಸಬೇಡಿ” ಎಂಬುದು ಉತ್ತರ.

ಈ ಉತ್ತರ ನನಗೆ ಬಹಳ ಹಿಡಿಸಿತು. ಅದನ್ನು ಮೆಲುಕುಹಾಕುತ್ತಾ ಹೋದಂತೆ, ಮನಸ್ಸಿನ ಹೊರೆ ಇಳಿಸುತ್ತೇವೆನ್ನುವ ಯಾವ ಸಂಸ್ಥೆಯನ್ನಾದರೂ, ಅದು ನೀಲಿಯ ಚರ್ಚಾಗಲಿ, ನಮ್ಮ ಮಠವಾಗಲಿ, ಬೆಂಗಳೂರಿನ ಬಡಾವಣೆಗಳಲ್ಲಿ ಮೂಲೆಗೊಂದರಂತೆ ಹುಟ್ಟಿಕೊಂಡಿರುವ ಧ್ಯಾನದ ಶಿಬಿರಗಳಾಗಲಿ, ನಾಲ್ಕು ಮಾತುಗಳಿಂದ ಅಳೆಯಬಹುದೆಂದು ತೋರಿತು. ಕೈಯಲ್ಲಿ ಕಾಸಿಲ್ಲದವನಿಗೂ ಅದರ ಕಿವಿ ತೆರೆದಿದೆಯೆ? ಒಳಗೆ ನಿಂತು ಪ್ರಶ್ನೆ ಕೇಳಿದವನನ್ನು ಅದು ಸೈರಿಸುತ್ತದೆಯೆ? ಹೊರಡುತ್ತೇನೆಂದವನನ್ನು ಹರಸಿ ಕಳುಹಿಸುತ್ತದೆಯೆ? ತನ್ನಿಂದಾಗದ್ದನ್ನು ವೈದ್ಯರ ಬಳಿಗೆ ಕಳುಹಿಸುವ ವಿನಯ ಅದಕ್ಕಿದೆಯೆ? ಈ ನಾಲ್ಕಕ್ಕೂ ಹೌದೆನ್ನುವ ಸಂಸ್ಥೆಯ ದೇವರು ಯಾರೆಂದು ನಾನು ಕೇಳಲು ಹೋಗುವುದಿಲ್ಲ. ಒಂದಕ್ಕೆ ಅಲ್ಲವೆಂದರೂ, ಅದು ನಮ್ಮ ಕುಲದೇವರ ಗುಡಿಯೇ ಆಗಿರಲಿ, ಎಚ್ಚರವಾಗಿರಬೇಕು. ನಮ್ಮದರ ಬಗೆಗೆ ಒಂದು ತಕ್ಕಡಿ, ಪರರದಕ್ಕೆ ಇನ್ನೊಂದು ತಕ್ಕಡಿ ಇಟ್ಟುಕೊಳ್ಳುವುದು ನ್ಯಾಯವಲ್ಲ.

ವೈದ್ಯರ ಬಾಗಿಲು ಹಳ್ಳಿಗೆ ದೂರವೆಂಬ ಮಾತಿದೆ. ಅದು ಸುಳ್ಳಲ್ಲ. ಆದರೆ ಹಿಂದಿನಷ್ಟು ದೂರವಿಲ್ಲ. ಬೆಂಗಳೂರಿನಲ್ಲಿ 1847ರಷ್ಟು ಹಿಂದೆ ಆರಂಭವಾದ ಹುಚ್ಚಾಸ್ಪತ್ರೆಯೇ ಬೆಳೆದು 1974ರಲ್ಲಿ ನಿಮ್ಹಾನ್ಸ್ ಎಂಬ ದೊಡ್ಡ ಸಂಸ್ಥೆಯಾಯಿತು. ಅಲ್ಲಿನವರು 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ, ಸಾಮಾನ್ಯ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ತರಬೇತು ಕೊಟ್ಟು ಹಳ್ಳಿಯಲ್ಲಿಯೇ ಮನೋರೋಗಕ್ಕೆ ಮದ್ದು ಕೊಡಿಸುವ ಪ್ರಯೋಗ ನಡೆಸಿದರು. 1996ರಲ್ಲಿ ದೇಶಕ್ಕೆಲ್ಲ ಅದೇ ಮಾದರಿಯಾಯಿತು. 2022ರ ಅಕ್ಟೋಬರ್ 10ರಿಂದ ಟೆಲಿ-ಮಾನಸ್ ಎಂಬ ಉಚಿತ ದೂರವಾಣಿಯೂ ನಡೆಯುತ್ತಿದೆ. 14416 ಎಂಬ ಸಂಖ್ಯೆಯನ್ನು ಒತ್ತಿದರೆ ಹಗಲಾಗಲಿ ರಾತ್ರಿಯಾಗಲಿ ಕನ್ನಡದಲ್ಲಿಯೇ ಒಬ್ಬರು ನಿಮ್ಮ ಮಾತು ಕೇಳುತ್ತಾರೆ. ಓದುಗರು ಈ ಐದು ಅಂಕಿಗಳನ್ನು ಅಡುಗೆಮನೆಯ ಕ್ಯಾಲೆಂಡರಿನ ಮೇಲೆ, ಹಾಲಿನ ಲೆಕ್ಕದ ಪಕ್ಕದಲ್ಲಿ, ಬರೆದಿಟ್ಟುಕೊಂಡರೆ ಈ ಲೇಖನ ಬರೆದ ಶ್ರಮ ಸಾರ್ಥಕ.

ನನ್ನ ತಮ್ಮನ ಮಗ ಈಗ ಹೇಗಿದ್ದಾನೆಂದು ಕೇಳುವಿರಾ? ಪವಾಡವೇನೂ ನಡೆಯಲಿಲ್ಲ. ಸಾಲ ಇನ್ನೂ ಅರ್ಧ ಉಳಿದಿದೆ. ಮಾತ್ರೆ ಇನ್ನೂ ನಡೆಯುತ್ತಿದೆ. ಕೆಲವು ದಿನ ಮಂಕಾಗಿರುತ್ತಾನೆ, ಕೆಲವು ದಿನ ಮಾತಿಗೆ ಸಿಕ್ಕುತ್ತಾನೆ. ನಿದ್ದೆ ಬರುತ್ತಿದೆ. ಹುಣ್ಣಿಮೆಯ ಭಜನೆಗೆ ಹೋಗಿ ಹಿಂದಿನ ಸಾಲಿನಲ್ಲಿ ಕೂರುತ್ತಾನೆ. ಈಚೆಗೆ ತಾಳವನ್ನು ಕೈಗೆ ತೆಗೆದುಕೊಂಡನೆಂದು ಅವನ ತಾಯಿ ಬೆಳೆ ಕೈಸೇರಿದಷ್ಟು ಸಂಭ್ರಮದಿಂದ ತಿಳಿಸಿದಳು. ಮೊನ್ನೆ ನಾನು ಊರಿಗೆ ಹೋಗಿದ್ದಾಗ, ಭಜನೆಮನೆಗೆ ಸುಣ್ಣ ಬಳಿಸುತ್ತಿದ್ದರು. ಆ ದೂರವಾಣಿಯ ಸಂಖ್ಯೆಯನ್ನು ಗೋಡೆಯ ಮೇಲೆ ಬರೆಸಬಾರದೇಕೆಂದು ಕೇಳಿದೆ. ದೇವರ ಮನೆಯಲ್ಲಿ ಆಸ್ಪತ್ರೆಯ ಮಾತು ಏಕೆಂದು ಯಾರಾದರೂ ಆಕ್ಷೇಪಿಸಿಯಾರೆಂಬ ಅಂಜಿಕೆ ನನಗಿತ್ತು. ಕೈವಾರಕ್ಕೆ ಒಯ್ಯಿರೆಂದು ಅಂದು ಮೊದಲು ಸಲಹೆ ಕೊಟ್ಟಿದ್ದ ಹಿರಿಯರೇ ಕಣ್ಣು ಕಿರಿದಾಗಿಸಿ ಗೋಡೆಯ ಉದ್ದಗಲವನ್ನು ನೋಡಿ, “ಹೊರಗಡೆ ಬೇಡಯ್ಯ, ಮಳೆಗೆ ಅಳಿಸಿಹೋಗುತ್ತೆ. ಒಳಗೆ, ತಾತಯ್ಯನವರ ಪಟದ ಪಕ್ಕದಲ್ಲೇ ಬರೆಸು. ಅಲ್ಲಾದರೆ ಎಲ್ಲರೂ ನೋಡ್ತಾರೆ” ಎಂದರು.